ಡಾಕ್ಟರು ಕೇಳಿದ್ದು ನನ್ನನ್ನು

ಬನ್ನಿಮಂಟಪ, ಮೈಸೂರು
ಬುಧವಾರ, 6 ನವೆಂಬರ್ 2024

ಅನುವಿನ ಅಪ್ಪನಿಗೆ,

ಮೊದಲು "ಪ್ರೀತಿಯ" ಎಂದು ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ, ಮೇಲೆ ಕಾಣುತ್ತಿರಬಹುದು. ಹೊಸ ಹಾಳೆ ತೆಗೆದುಕೊಳ್ಳಬಹುದಿತ್ತು. ಹೊಡೆದದ್ದು ನಿಮಗೆ ಕಾಣಲಿ ಎಂದೇ ತೆಗೆದುಕೊಳ್ಳಲಿಲ್ಲ. ಹೇಗಿದ್ದೀರಿ? ಅಕ್ಕಿ ಗಿರಣಿಯ ಹೊಟ್ಟಿನ ಧೂಳಿಗೆ ಕೆಮ್ಮು ಬಂದಿದೆ ಎಂದಿದ್ದಿರಿ, ಕಡಿಮೆಯಾಯಿತಾ? ಮೆಷಿನ್ ಬಿಚ್ಚುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಅವರಿವರು ನಗುತ್ತಾರೆಂದು ಬಿಚ್ಚಿಡಬೇಡಿ. ಗಂಗಾವತಿಯಲ್ಲಿ ಊಟ ಖಾರವಂತೆ, ಹೊಟ್ಟೆ ಕೆಡಿಸಿಕೊಳ್ಳಬೇಡಿ. ಇಲ್ಲಿ ಅನುವಿಗೆ ಮುಂದಿನ ಹಲ್ಲೊಂದು ಬಿದ್ದಿದೆ. ನೀವು ಬರುವವರೆಗೂ ಇಟ್ಟಿರಬೇಕೆಂದು ಹಟ ಹಿಡಿದು ಹತ್ತಿಯಲ್ಲಿ ಸುತ್ತಿ ಪೆನ್ಸಿಲ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದಾಳೆ. ನಿಮ್ಮ ಅಮ್ಮನ ಮಂಡಿನೋವು ಹಾಗೇ ಇದೆ, ಆದರೂ ದಿನಾ ಕೆಸರೆ ಸರ್ಕಲ್ಲಿನವರೆಗೆ ನಡೆದುಹೋಗಿ ಸೊಪ್ಪು ತರುವುದನ್ನು ಬಿಟ್ಟಿಲ್ಲ. ಅವರೆಲ್ಲ ಚೆನ್ನಾಗಿದ್ದಾರೆ. ನಾನು ಚೆನ್ನಾಗಿಲ್ಲ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ಹೇಳಿ ನೋಡಿದ್ದಾಯಿತು. ಮನೆಯಿಂದ ಮಾಡಿದರೆ ಅತ್ತೆ ಪಕ್ಕಕ್ಕೆ ಬಂದು ಕೂರುತ್ತಾರೆ. ಆ ಕಡೆ ನೀವು ಸ್ಪೀಕರಿಗೆ ಹಾಕಿ ಕೆಲಸ ಮಾಡುತ್ತಿರುತ್ತೀರಿ, ನನ್ನ ಸಂಸಾರದ ಮಾತನ್ನು ನಿಮ್ಮ ಜತೆಯ ನಾಲ್ಕು ಜನ ಫಿಟ್ಟರುಗಳೂ ಕೇಳಿಸಿಕೊಳ್ಳುತ್ತಾರೆ. ವಾಟ್ಸ್ಯಾಪಿನಲ್ಲಿ ಉದ್ದಕ್ಕೆ ಬರೆದರೆ ಉತ್ತರವಾಗಿ ಒಂದು ಹೆಬ್ಬೆರಳು ಬರುತ್ತದೆ. ಅದಕ್ಕೇ ಬನ್ನಿಮಂಟಪದ ಅಂಗಡಿಯ ಗೋಡೌನಿನಲ್ಲಿ, ಸೀರೆ ಗಂಟುಗಳ ಮಧ್ಯೆ ಕೂತು, ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ. ಕಾಗದದಲ್ಲಿ ಒಂದು ಅನುಕೂಲವಿದೆ, ನಡುವೆ ನೀವು ಬಾಯಿ ಹಾಕುವ ಹಾಗಿಲ್ಲ. ಏಳು ವರ್ಷದ ಸಂಸಾರದಲ್ಲಿ ನಾನು ಶುರುಮಾಡಿದ ಮಾತನ್ನು ನಾನೇ ಮುಗಿಸುತ್ತಿರುವುದು ಇದೇ ಮೊದಲಿರಬೇಕು.

ಮೊನ್ನೆ ಸೋಮವಾರ ಚರ್ಮದ ಡಾಕ್ಟರ ಕ್ಲಿನಿಕ್ಕಿನಿಂದ ಹೊರಗೆ ಬಂದು, ಯಾದವಗಿರಿಯ ರಸ್ತೆ ಬದಿಯ ಮರದ ಕೆಳಗೆ ನಿಂತು ನಿಮಗೆ ಫೋನ್ ಮಾಡಿದೆ. ಮುಟ್ಟು ನಿಂತಿದೆ, ಮನೆಯಲ್ಲೇ ಟೆಸ್ಟ್ ಮಾಡಿದೆ, ಎರಡು ಗೆರೆ ಬಂದಿದೆ ಎಂದೆ. ನೀವು ಮೊದಲು ಕೇಳಿದ್ದೇನು ನೆನಪಿದೆಯಾ? "ಅಮ್ಮಂಗೆ ಹೇಳ್ಬುಟ್ಯಾ?" ನೀನು ಹೇಗಿದ್ದೀಯ ಎಂದಲ್ಲ. ಇಲ್ಲ ಎಂದೆ. ಪಾಪ, ಇವರಿಗೂ ಹೆದರಿಕೆಯಾಗಿದೆ ಎಂದುಕೊಂಡೆ. ಆಮೇಲೆ ನಿಮ್ಮ ದನಿ ಹಗುರಾಯಿತು. "ಆಗಿದ್ದಾಯ್ತು ಬುಡು ಬಿಂದು, ಇಟ್ಕೊಳಣ. ಅಮ್ಮಂಗೂ ಖುಷಿಯಾಯ್ತದೆ" ಎಂದು ಹೇಳಿ, ಓನರ್ ಕರೆಯುತ್ತಿದ್ದಾರೆಂದು ಇಟ್ಟುಬಿಟ್ಟಿರಿ. ಅಂಗಡಿಯಲ್ಲಿ ತಪ್ಪಾಗಿ ಬಂದ ಸೀರೆಯನ್ನು ವಾಪಸ್ ಕಳಿಸುವುದು ಯಾಕೆ ಎಂದು ಇಟ್ಟುಕೊಳ್ಳುತ್ತಾರಲ್ಲ, ಹಾಗೆ ಹೇಳಿದಿರಿ. ನಾನು ಆ ಮರದ ಕೆಳಗೇ ನಿಂತು ಕಣ್ಣೀರು ಹಾಕಿದೆ. ಬಸ್ಸಿನಲ್ಲೂ ಅಳು ನಿಲ್ಲಲಿಲ್ಲ. ತಲೆಯ ಗುಳ್ಳೆಗೆ ಕೊಟ್ಟ ಆ ಕೆಂಪು ಮಾತ್ರೆ ತಿನ್ನುವಾಗ ಕಣ್ಣೀರಿಗೂ ಬಣ್ಣ ಬರುತ್ತದೆ ಎಂದು ಡಾಕ್ಟರು ಹೇಳಿದ್ದು ನಿಮಗೆ ನೆನಪಿರಬಹುದು. ನನ್ನ ಬಿಳಿ ವೇಲಿನ ತುದಿಯಲ್ಲಿ ಕಿತ್ತಳೆ ಬಣ್ಣದ ಕಲೆ ಇನ್ನೂ ಹೋಗಿಲ್ಲ.

ನೀವು ಮರೆತಿದ್ದರೆ ನಾನು ನೆನಪಿಸುತ್ತೇನೆ, ಯಾಕೆಂದರೆ ನನಗೆ ಅರ್ಧ ಮಾತ್ರ ನೆನಪಿದೆ, ಉಳಿದರ್ಧ ನೀವೇ ಹೇಳಿದ್ದು. ಅನು ಹುಟ್ಟಿದ ದಿನ ನನಗೆ ರಕ್ತ ನಿಲ್ಲಲಿಲ್ಲ. ಐದು ಬಾಟಲಿ ರಕ್ತ ಕೊಟ್ಟರು. ಐದನೆಯದಕ್ಕೆ ನಿಮ್ಮ ಸ್ನೇಹಿತ ಸಾಗರ್ ಊಟದ ತಟ್ಟೆ ಬಿಟ್ಟು ಎದ್ದು ಬಂದಿದ್ದ. ನಾಲ್ಕು ದಿನ ಐಸಿಯುನಲ್ಲಿದ್ದೆ. ಕಣ್ಣು ಬಿಟ್ಟಾಗ ನೀವು ನನ್ನ ಕಾಲ ಹತ್ತಿರ ನಿಂತು ಚಿಕ್ಕ ಮಗುವಿನ ಹಾಗೆ ಬಿಕ್ಕುತ್ತಿದ್ದಿರಿ. "ಇನ್ನೊಂದು ಬೇಡ ಬಿಂದು, ನಂಗೆ ನೀನಿದ್ರೆ ಸಾಕು" ಎಂದಿದ್ದಿರಿ. ಮತ್ತೆ ಗರ್ಭಿಣಿಯಾದರೆ ಹೀಗೇ ಆಗುವ ಸಂಭವ ಹೆಚ್ಚು, ದೊಡ್ಡ ಆಸ್ಪತ್ರೆ ಬೇಕು, ಎಚ್ಚರ ಬೇಕು ಎಂದು ಲೇಡಿ ಡಾಕ್ಟರು ಹೇಳಿದ್ದು ನಮ್ಮಿಬ್ಬರಿಗೇ. ಅತ್ತೆಗೆ ಹೇಳಬೇಡ, ಹೆದರಿಬಿಡುತ್ತಾರೆ ಎಂದವರು ನೀವು. ಕಾಪರ್-ಟಿ ಹಾಕಿಸೋಣ ಎಂದರೆ, ಆಸ್ಪತ್ರೆಗೆ ಅಮ್ಮನೂ ಬರುತ್ತಾರೆ, ಗೊತ್ತಾಗುತ್ತದೆ ಎಂದವರೂ ನೀವು. ಮನೆ ಹತ್ತಿರದ ಕೆಸರೆಯ ಮೆಡಿಕಲ್ ಶಾಪಿನವನಿಗೆ ನಮ್ಮ ಮನೆಯವರೆಲ್ಲ ಗೊತ್ತು ಅಂತ ಬನ್ನಿಮಂಟಪದಿಂದ ಮಾತ್ರೆಯ ಹಾಳೆ ಕೊಂಡು ತಂದು ನನ್ನ ಕೈಗಿಟ್ಟವರೂ ನೀವೇ. ಐದು ವರ್ಷ ಆ ಮಾತ್ರೆಯನ್ನು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯ ತಳದಲ್ಲಿ ಇಟ್ಟುಕೊಂಡು ಕಳ್ಳಿಯ ಹಾಗೆ ನುಂಗಿದ್ದೇನೆ. ಒಂದು ದಿನವೂ ತಪ್ಪಿಸಿಲ್ಲ. ಅದನ್ನು ಮೊದಲು ತಿಳಿದುಕೊಳ್ಳಿ. ನಾನು ಮರೆತು ಆದದ್ದಲ್ಲ ಇದು.

ಈಗ ತಲೆಯ ವಿಷಯ. ಮೂರು ವರ್ಷದಿಂದ ನನ್ನ ನೆತ್ತಿಯಲ್ಲಿ ಆ ದರಿದ್ರ ಗುಳ್ಳೆಗಳು. ಸಾಸಿವೆ ಕಾಳಿನಷ್ಟು ಕೀವು ತುಂಬಿಕೊಂಡು ಏಳುತ್ತಿದ್ದವು, ಒಡೆದರೆ ಹೆಪ್ಪುಗಟ್ಟಿ ಬೆಳಿಗ್ಗೆ ದಿಂಬಿನ ಬಟ್ಟೆ ತಲೆಗೆ ಅಂಟಿಕೊಂಡಿರುತ್ತಿತ್ತು. ಬಾಚಣಿಗೆ ತಾಗಿದರೆ ಪ್ರಾಣ ಹೋಗುತ್ತಿತ್ತು. ಸುಳ್ಳು ಹೇಳುವುದಿಲ್ಲ, ಆಗ ನೀವು ಬಿಸಿನೀರಿನಲ್ಲಿ ಹತ್ತಿ ಅದ್ದಿ, ಮುಖ ಸಿಂಡರಿಸದೆ, ಒಂದೊಂದೇ ಹೆಪ್ಪನ್ನು ನೆನೆಸಿ ತೆಗೆಯುತ್ತಿದ್ದಿರಿ. ಯಾವ ಗಂಡಸೂ ಮಾಡುವುದಿಲ್ಲ ಎಂದು ನನ್ನ ಅಕ್ಕನ ಹತ್ತಿರ ಹೇಳಿಕೊಂಡು ಮೆರೆದಿದ್ದೇನೆ. ಅದಕ್ಕೇ ಈಗ ಸಿಟ್ಟು ಎರಡರಷ್ಟು ಬರುತ್ತಿದೆ. ದೇಹದ ಉಷ್ಣ ಎಂದರು ಒಬ್ಬರು. ಬೋರ್ ನೀರು ಎಂದರು ಇನ್ನೊಬ್ಬರು. ಎದುರು ಮನೆಯ ಅಂಬುಜಮ್ಮನವರು ದೃಷ್ಟಿ ಎಂದರು. ಬೇವಿನ ಸೊಪ್ಪು, ಲೋಳೆಸರ, ಮೆಂತ್ಯ ಎಲ್ಲವನ್ನೂ ಅತ್ತೆ ಅರೆದು ಹಚ್ಚಿದರು. ಮೆಡಿಕಲ್ ಶಾಪಿನಲ್ಲಿ ಕೇಳಿ ಐದು ದಿನದ ಮಾತ್ರೆ ತಂದರೆ ಐದು ದಿನ ಇಳಿಯುತ್ತಿತ್ತು, ಆರನೆಯ ದಿನ ಅಲ್ಲೇ ಮತ್ತೆ ಏಳುತ್ತಿತ್ತು. ಎಂಟಾಣೆ ಅಗಲ ಕೂದಲು ಹೋಗಿ ನೆತ್ತಿ ಹೊಳೆಯತೊಡಗಿದ ಮೇಲೆ ಅಂಗಡಿಯವರು "ಗಿರಾಕಿಗಳು ನೋಡ್ತಾರಮ್ಮ" ಎಂದು ನನ್ನನ್ನು ಸೀರೆ ಕೌಂಟರಿನಿಂದ ಎಬ್ಬಿಸಿ ಈ ಗೋಡೌನಿಗೆ ಹಾಕಿದರು. ಎರಡು ವರ್ಷದಿಂದ ನಾನು ಇಲ್ಲಿ ಗಂಟು ಎಣಿಸುತ್ತಿದ್ದೇನೆ.

ಸೆಪ್ಟೆಂಬರ್ ಇಪ್ಪತ್ತೈದಕ್ಕೆ ಲಕ್ಷ್ಮೀನರಸಿಂಹ ಡಾಕ್ಟರ ಹತ್ತಿರ ಹೋದದ್ದು ನಾವು ಮೂವರು. ಅತ್ತೆ ಯಾಕೆ ಬಂದರು? ಕೈ ಬೆರಳಿನ ನವೆ ತೋರಿಸಬೇಕು ಎಂದು ಬಂದರು. ಬರಲಿ, ತಪ್ಪಿಲ್ಲ. ಡಾಕ್ಟರು ಕೀವನ್ನು ಪರೀಕ್ಷೆಗೆ ಕಳಿಸಿದ್ದ ರಿಪೋರ್ಟು ಓದಿದರು. ಒಂದೇ ಜಾತಿಯ ಕ್ರಿಮಿ ಕೂದಲಿನ ಬುಡದಲ್ಲಿ ಮನೆ ಮಾಡಿಕೊಂಡಿದೆ, ಚೂರುಪಾರು ಮಾತ್ರೆಗೆ ಜಗ್ಗುವುದಿಲ್ಲ, ಎರಡು ಆಂಟಿಬಯೋಟಿಕ್ ಸೇರಿಸಿ ಹತ್ತು ವಾರ ಕೊಡಬೇಕು ಎಂದರು. ಕೆಂಪು ಕ್ಯಾಪ್ಸೂಲು ಒಂದು, ಇನ್ನೊಂದು ಬೇರೆ, ಎರಡೂ ಬೆಳಿಗ್ಗೆ ಸಂಜೆ. ಒಂದನ್ನೇ ತಿಂದರೆ ಕ್ರಿಮಿ ಅದಕ್ಕೆ ಪಳಗಿಬಿಡುತ್ತದೆ, ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿಂದ ಶುರು, ಬುಡ ಸತ್ತ ಕಡೆ ಕೂದಲು ಮತ್ತೆ ಹುಟ್ಟುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದು ಬಿಡಿಸಿ ಹೇಳಿದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು: "ಬೇರೆ ಯಾವ್ದಾದ್ರೂ ಮಾತ್ರೆ ತಗೊಳ್ತಾ ಇದ್ದೀರೇನಮ್ಮ? ಬಿಪಿಗೆ, ಥೈರಾಯ್ಡಿಗೆ, ಮಕ್ಕಳಾಗ್ದೇ ಇರೋದಕ್ಕೆ?" ಡಾಕ್ಟರು ಕೇಳಿದ್ದು ನನ್ನನ್ನು. ನಾನು ಬಾಯಿ ತೆರೆದಿದ್ದೆ. ಪಕ್ಕದಲ್ಲಿ ಅತ್ತೆ, ಅವರ ಪಕ್ಕದಲ್ಲಿ ನೀವು. ಬಸ್ಸಿಗೆ ಓಡಿಬಂದು ಹತ್ತುವವರ ಹಾಗೆ ನೀವು ಹೇಳಿದಿರಿ, "ಅಯ್ಯೋ, ಏನೂ ಇಲ್ಲ ಬುಡಿ ಡಾಕ್ಟ್ರೇ." ಅತ್ತೆಯೂ ಸೇರಿಸಿದರು, "ಮಕ್ಳಾಗ್ಲಿ ಅಂತ್ಲೇ ಕಾಯ್ತಾ ಇದೀವಿ ಸ್ವಾಮಿ." ಡಾಕ್ಟರು ನಕ್ಕು ಬರೆದುಕೊಂಡರು. ನಾನು ತೆರೆದ ಬಾಯಿ ಮುಚ್ಚಿಕೊಂಡೆ.

ಅಲ್ಲಿ ನನ್ನದೂ ತಪ್ಪಿದೆ. ಇದನ್ನು ನೀವು ಎತ್ತಿ ಆಡುವ ಮೊದಲೇ ನಾನೇ ಬರೆಯುತ್ತಿದ್ದೇನೆ. ಹೊರಗೆ ಬಂದ ಮೇಲೆ, ಚಪ್ಪಲಿ ಮರೆತೆ, ಚೀಟಿ ಮರೆತೆ ಎಂದು ಏನಾದರೂ ನೆವ ಹೇಳಿ ಒಬ್ಬಳೇ ಒಳಗೆ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಆಟೋದಲ್ಲಿ ನಿಮ್ಮ ಕಿವಿಯಲ್ಲಿ ಕೇಳಿದೆ, ಹೇಳಬೇಕಿತ್ತೇನೋ ಎಂದು. "ತಲೆ ಗುಳ್ಳೆಗೂ ಅದಕ್ಕೂ ಎಲ್ಲಿಗೆಲ್ಲಿಗೆ ಸಂಬಂಧ" ಎಂದಿರಿ. ನಿಮಗೆ ರೈಸ್ ಮಿಲ್ಲಿನ ಒಂದೊಂದು ನಟ್ಟೂ ಇನ್ನೊಂದಕ್ಕೆ ಹೇಗೆ ಸಂಬಂಧ ಎಂದು ಗೊತ್ತು. ಹೆಂಡತಿಯ ಮೈಯಲ್ಲಿ ಮಾತ್ರ ತಲೆ ಬೇರೆ, ಹೊಟ್ಟೆ ಬೇರೆ. ಆದರೂ ನಾನು ನಂಬಿದೆ. ನೀವು ಗಟ್ಟಿಯಾಗಿ ಹೇಳಿದ್ದನ್ನು ನಂಬುವುದು ನನಗೆ ಅಭ್ಯಾಸವಾಗಿ ಹೋಗಿದೆ, ಅದಕ್ಕೆ ನನ್ನ ಮೇಲೆ ನನಗೇ ಕೆಟ್ಟ ಕೋಪವಿದೆ.

ನೀವು ಗಂಗಾವತಿಗೆ ಹೊರಟ ಮೇಲೆ ಮಾತ್ರೆಯ ಉಸ್ತುವಾರಿ ವಹಿಸಿಕೊಂಡವರು ಯಾರು ಗೊತ್ತಾ? ನಿಮ್ಮ ಅಮ್ಮ. ಕೆಂಪು ಮಾತ್ರೆ ಖಾಲಿ ಹೊಟ್ಟೆಯಲ್ಲಿ ಆಗಬೇಕು ಎಂದು ಡಾಕ್ಟರು ಹೇಳಿದ್ದರಲ್ಲ, ಬೆಳಿಗ್ಗೆ ಆರಕ್ಕೆ ಒಂದು ಲೋಟ ನೀರು ಹಿಡಿದು ನನ್ನ ತಲೆದೆಸೆಯಲ್ಲಿ ನಿಂತಿರುತ್ತಿದ್ದರು. ಸಂಜೆ ನಾನು ಬರುವುದು ತಡವಾದರೆ ಗೇಟಿನ ಹತ್ತಿರವೇ ಮಾತ್ರೆ ಹಿಡಿದುಕೊಂಡು ಕಾಯುತ್ತಿದ್ದರು. ಬಚ್ಚಲಲ್ಲಿ ಕೆಂಪು ನೋಡಿ ಮೊದಲ ದಿನ ಕಿರುಚಿಕೊಂಡರು, ಆಮೇಲೆ ಅವರೇ ಅಂಬುಜಮ್ಮನವರಿಗೆ "ಔಷಧಿ ಹಿಡೀತಾ ಅದೆ ಕಣಮ್ಮ, ಅದ್ಕೇ ಬಣ್ಣ" ಎಂದು ಪಾಠ ಹೇಳಿದರು. ಆರು ವಾರದಲ್ಲಿ ಒಂದು ಹೊತ್ತೂ ತಪ್ಪಿಲ್ಲ. ತಲೆ ವಾಸಿಯಾಗಿದೆ, ಕೇಳಿ. ಮೂರು ವರ್ಷದಲ್ಲಿ ಮೊದಲ ಸಲ ನಾನು ಅಂಗಾತ ಮಲಗಿ ನಿದ್ದೆ ಮಾಡಿದೆ. ಹೊಸ ಗುಳ್ಳೆ ಎದ್ದು ಇಪ್ಪತ್ತು ದಿನವಾಯಿತು. ಸಂಕ್ರಾಂತಿಗೆ ಕೌಂಟರಿಗೆ ವಾಪಸ್ ಬಾ ಎಂದು ಅಂಗಡಿಯವರು ತಾವಾಗಿಯೇ ಹೇಳಿದರು. ಇದನ್ನು ನಿಮಗೆ ಖುಷಿಯಾಗಿ ಹೇಳಬೇಕೆಂದು ಇಟ್ಟುಕೊಂಡಿದ್ದೆ, ಈಗ ಹೀಗೆ ಬರೆಯುವ ಹಾಗಾಯಿತು.

ಆಯುಧಪೂಜೆಗೆ ನೀವು ನಾಲ್ಕು ದಿನ ರಜೆ ಹಾಕಿ ಬಂದಿರಿ. ನಾನು ಎಂದಿನಂತೆ ಮಾತ್ರೆ ನುಂಗುತ್ತಲೇ ಇದ್ದೆ, ಕೆಂಪು ಮಾತ್ರೆಯನ್ನು ಅತ್ತೆಯ ಎದುರಿಗೆ, ಇನ್ನೊಂದನ್ನು ಅವರ ಬೆನ್ನ ಹಿಂದೆ. ಒಂದು ಇನ್ನೊಂದನ್ನು ಹಾಳುಮಾಡುತ್ತಿದೆ ಎಂದು ನನಗೇನು ಗೊತ್ತು? ಸೋಮವಾರ ಆರನೇ ವಾರದ ರಕ್ತಪರೀಕ್ಷೆಯ ರಿಪೋರ್ಟು ತೋರಿಸಲು ಒಬ್ಬಳೇ ಹೋಗಿದ್ದೆ. ಎಲ್ಲ ಹೇಳಿದೆ. ಎಪ್ಪತ್ತು ವರ್ಷದ ಗಂಡಸಿನ ಎದುರು ಕೂತು, ಗುಂಡಿ ಡಬ್ಬಿಯ ಮಾತ್ರೆಯಿಂದ ಎರಡು ಗೆರೆಯವರೆಗೆ, ತಲೆ ತಗ್ಗಿಸದೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು "ಅವತ್ತೇ ಕೇಳಿದ್ನಲ್ಲಮ್ಮ" ಎಂದರು. "ಕೇಳಿದ್ರಿ ಸಾರ್, ನಮ್ಮನೆಯವ್ರು ಉತ್ತರ ಹೇಳಿದ್ರು" ಎಂದೆ. ಆ ಕೆಂಪು ಕ್ಯಾಪ್ಸೂಲು ಲಿವರನ್ನು ಜೋರಾಗಿ ಕೆಲಸ ಮಾಡಿಸುತ್ತದಂತೆ. ಗರ್ಭ ತಡೆಯುವ ಮಾತ್ರೆ ತನ್ನ ಕೆಲಸ ಮಾಡುವ ಮೊದಲೇ ಅದನ್ನು ಕರಗಿಸಿ ಹೊರಗೆ ಹಾಕಿಬಿಡುತ್ತದಂತೆ. ಗೊತ್ತಿದ್ದರೆ ಬೇರೆ ದಾರಿ ಹೇಳುತ್ತಿದ್ದೆ, ಅದೇನು ದೊಡ್ಡ ವಿಷಯವಾಗಿರಲಿಲ್ಲ ಎಂದರು. ನನಗೆ ಉರಿದದ್ದು ಅಲ್ಲಿ. ದೊಡ್ಡ ವಿಷಯವಾಗಿರಲಿಲ್ಲ! ಒಂದು "ಹೌದು" ಸಾಕಿತ್ತು. ಕೊನೆಗೆ ಅವರೇ, "ನಾನೂ ನಿಮ್ಮೊಬ್ಬರನ್ನೇ ಕೂರಿಸಿ ಕೇಳಬೇಕಿತ್ತು, ಅದು ನನ್ನ ತಪ್ಪು" ಎಂದರು. ಅಷ್ಟು ದೊಡ್ಡ ಡಾಕ್ಟರು ತಪ್ಪು ಒಪ್ಪಿಕೊಂಡರು. ನೀವು "ಇಟ್ಕೊಳಣ" ಎಂದಿರಿ.

ಗರ್ಭ ಮುಂದುವರಿಸುವುದಾದರೆ ಈ ಎರಡು ಮಾತ್ರೆ ನಿಲ್ಲಿಸಿ ಬರೀ ಶಾಂಪೂ, ಮುಲಾಮಿನಲ್ಲಿ ಕಾಲ ಹಾಕಬೇಕಂತೆ, ಗುಳ್ಳೆ ಮತ್ತೆ ಏಳಬಹುದಂತೆ. ಆದರೆ ಕೂದಲಿಗೋಸ್ಕರ ಇವಳು ಹೀಗೆ ಕೂಗಾಡುತ್ತಿದ್ದಾಳೆ ಎಂದು ತಿಳಿದುಕೊಂಡರೆ ನನ್ನಷ್ಟು ಕೆಟ್ಟವಳು ಇನ್ನೊಬ್ಬಳಿಲ್ಲ, ಹೇಳಿರುತ್ತೇನೆ. ತಲೆ ಪೂರ್ತಿ ಬೋಳಾದರೂ ಬದುಕುತ್ತೇನೆ. ನನಗೆ ಭಯವಿರುವುದು ಆ ರಕ್ತದ್ದು. ಕಣ್ಣು ಮುಚ್ಚಿದರೆ ಆ ಆಸ್ಪತ್ರೆಯ ಬಿಳಿ ದೀಪ, ಯಾರೋ "ಪಲ್ಸ್ ಸಿಗ್ತಿಲ್ಲ" ಎಂದದ್ದು. ಅನುವಿಗೆ ಐದು ವರ್ಷ. ಹೆತ್ತ ತಾಯಿ ಬೇಕಾದ ವಯಸ್ಸು. ಇನ್ನೊಂದು ಮಗು ಬಂದರೆ ನನಗೆ ಪ್ರೀತಿ ಹುಟ್ಟುವುದಿಲ್ಲವೇ? ಹುಟ್ಟುತ್ತದೆ. ಈಗಲೇ ಎರಡು ಸಲ ನನ್ನ ಕೈ ನನಗೆ ತಿಳಿಯದೆ ಹೊಟ್ಟೆಯ ಮೇಲೆ ಹೋಗಿದೆ. ಅದಕ್ಕೇ ಹೇಳುತ್ತಿರುವುದು, ಇದು ನನಗೆ ಸುಲಭವಲ್ಲ. ನಿಮಗೆ ಒಂದು ಫೋನಿನಲ್ಲಿ, ಅರ್ಧ ನಿಮಿಷದಲ್ಲಿ ಸುಲಭವಾಗಿಬಿಟ್ಟಿತಲ್ಲ, ಆ ಸಿಟ್ಟನ್ನು ಎಲ್ಲಿ ಇಡಲಿ ನಾನು?

ಇನ್ನೂ ಒಂದಿದೆ. ಐದು ವರ್ಷದಿಂದ ನಿಮ್ಮ ಅಮ್ಮ ಸೋಮವಾರ ಸೋಮವಾರ ಉಪವಾಸ ಮಾಡುತ್ತಿದ್ದಾರೆ. ಯಾಕೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಮೊಮ್ಮಗನಾಗಲಿ ಎಂದು. ಅರವತ್ತೆಂಟು ವರ್ಷದ ಹೆಂಗಸು ಆ ಮಂಡಿ ಇಟ್ಟುಕೊಂಡು ದೇವಸ್ಥಾನದ ಮೆಟ್ಟಿಲು ಹತ್ತಿ, ಸಂಜೆಯವರೆಗೆ ಬರೀ ನೀರು ಕುಡಿದು, ನನಗೆ ಪ್ರಸಾದ ತಂದುಕೊಡುತ್ತಾರೆ. ನಾನು ಆ ಪ್ರಸಾದ ತಿಂದು, ಒಳಗೆ ಹೋಗಿ ಗುಂಡಿ ಡಬ್ಬಿ ತೆಗೆಯುತ್ತೇನೆ. ನೀವು ಊಟಕ್ಕೆ ಕೂತು ಇನ್ನೊಂದು ಮುದ್ದೆ ಹಾಕು ಎನ್ನುತ್ತೀರಿ. ನಿಮ್ಮ ತಾಯಿಯನ್ನು ನೋಯಿಸಬಾರದು ಎಂದು ನೀವು ಮಾಡಿದ ಉಪಕಾರ ಇದು. ಇದಕ್ಕಿಂತ ಒಂದು ಸಲ ನೋಯಿಸಿದ್ದರೆ ಅವರು ಸೋಮವಾರವೂ ಊಟ ಮಾಡುತ್ತಿದ್ದರು. ಅವರನ್ನು ಹುಲಿ ಎಂದು ನನಗೆ ತೋರಿಸಿದವರು ನೀವು, ಐದು ವರ್ಷ ನಾನು ಆ ಹುಲಿಯ ಜತೆ ಒಂದೇ ಒಲೆಯಲ್ಲಿ ಅಡಿಗೆ ಮಾಡಿದೆ, ಒಂದು ದಿನವೂ ಕೇಳಿ ನೋಡಲಿಲ್ಲ.

ನಾಡಿದ್ದು ಶುಕ್ರವಾರ ಬೆಳಿಗ್ಗೆ ಲೇಡಿ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ. ಅವರು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಹೇಳುತ್ತೇನೆ. ಏನು ಹೇಳಬೇಕೆಂದು ಇದನ್ನು ಬರೆಯುವಾಗ ನನಗೂ ಪೂರ್ತಿ ಗೊತ್ತಿಲ್ಲ. ಆದರೆ ನಿಮ್ಮ ಅಮ್ಮನ ಖುಷಿಗೆ ನನ್ನ ಜೀವವನ್ನು ಪಣಕ್ಕಿಡುವುದಿಲ್ಲ ಎನ್ನುವಷ್ಟು ಗೊತ್ತಿದೆ. ನಿಮಗೆ ಬರುವ ಮನಸ್ಸಿದ್ದರೆ ಬನ್ನಿ, ಸೀಸನ್ನು, ಓನರ್ ಬಿಡುವುದಿಲ್ಲ ಎನ್ನುವ ಕಥೆ ಬೇಡ. ಬಂದು ನನ್ನ ಪರವಾಗಿ ಮಾತಾಡಬೇಕಾಗಿಲ್ಲ. ನಿಮ್ಮ ಪರವಾಗಿ ನೀವು ಮಾತಾಡಿ, ನಿಮ್ಮ ಅಮ್ಮನ ಎದುರಿಗೆ ಕೂತು, ನಾವು ಐದು ವರ್ಷ ಏನು ಮಾಡಿದೆವು, ಯಾಕೆ ಮಾಡಿದೆವು ಎಂದು ನಿಮ್ಮ ಬಾಯಿಂದ ಹೇಳಿ. ಅಷ್ಟು ನಿಮ್ಮಿಂದ ಆಗದಿದ್ದರೆ ತಿಳಿಸಿ, ಅದನ್ನೂ ನಾನೇ ಮಾಡುತ್ತೇನೆ.

ಊಟದ ಹೊತ್ತು ಮುಗಿಯಿತು, ಗಂಟು ಬಂದಿದೆ ಎಂದು ಕರೆಯುತ್ತಿದ್ದಾರೆ. ಕೆಮ್ಮಿಗೆ ಕರಿಮೆಣಸು ಜಗಿಯಿರಿ, ತಣ್ಣೀರು ಕುಡಿಯಬೇಡಿ. ಅನು ನಿಮಗೆ ಮುತ್ತು ಕೊಟ್ಟಿದ್ದಾಳೆ, ಅದನ್ನು ತಡೆದಿಟ್ಟುಕೊಳ್ಳುವಷ್ಟು ಕೆಟ್ಟವಳಲ್ಲ ನಾನು. ನನ್ನ ಕಡೆಯಿಂದ ಸದ್ಯಕ್ಕೆ ಇಷ್ಟೇ.

ನಿಮ್ಮ ಹೆಂಡತಿ,
ಬಿಂದುಶ್ರೀ

ಮರೆತಿದ್ದು, ಶುಕ್ರವಾರ ಮಧ್ಯಾಹ್ನ: ಕಾಗದ ಇನ್ನೂ ಬ್ಯಾಗಿನಲ್ಲೇ ಇತ್ತು, ಅವಸರದಲ್ಲಿ ಬರೆಯುತ್ತಿದ್ದೇನೆ, ಪೋಸ್ಟಾಫೀಸು ಮುಚ್ಚುತ್ತದೆ. ಬುಧವಾರ ಮನೆಗೆ ಹೋದಾಗ ಅತ್ತೆ ಗೇಟಿನಲ್ಲಿ ಮಾತ್ರೆ ಹಿಡಿದು ನಿಂತಿದ್ದರು. ತಡೆಯಲಾಗಲಿಲ್ಲ, ನಿಮಗೆ ಕಾಯಲಿಲ್ಲ, ಎಲ್ಲ ಹೇಳಿಬಿಟ್ಟೆ. ಉಪವಾಸದ ಮಾತಿಗೆ ಬಂದಾಗ ಲೋಟ ಎತ್ತಿ ಗೋಡೆಗೆ ಎಸೆದರು. "ಇಬ್ರೂ ಸೇರ್ಕೊಂಡು ನನ್ನ ಮಂಗ ಮಾಡ್ಬುಟ್ರಲ್ಲ" ಎಂದು ಬಾಯಿಗೆ ಬಂದಂತೆ ಬೈದರು. ಗುರುವಾರ ಇಡೀ ನನ್ನ ಜತೆ ಮಾತಿಲ್ಲ, ಉಪ್ಪು ಬೇಕಾದರೂ ಅನುವಿನ ಕೈಲಿ ಕೇಳಿಸಿದರು. ಇವತ್ತು ಬೆಳಿಗ್ಗೆ ನಾನು ಹೊರಟಾಗ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಆಟೋದಲ್ಲಿ ಹೇಳಿದರು, ಅವರ ಅಕ್ಕ ಬೋರಮ್ಮ ತೀರಿಹೋದದ್ದು ನಾವೆಲ್ಲ ತಿಳಿದ ಹಾಗೆ ಜ್ವರಕ್ಕಲ್ಲವಂತೆ. ಎರಡನೇ ಹೆರಿಗೆಯಲ್ಲಿ ರಕ್ತ ನಿಲ್ಲದೆ ಹೋದದ್ದಂತೆ. ಗಂಡಸರಿಗೆ ಯಾಕೆ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲವಂತೆ. ಡಾಕ್ಟರ ಕೋಣೆಗೆ ಅವರು ಬರಲಿಲ್ಲ, ಹೊರಗೆ ಬೆಂಚಿನ ಮೇಲೆ ಕೂತರು. ಡಾಕ್ಟರು ಹಳೆಯ ಫೈಲು ಪೂರ್ತಿ ಓದಿದರು, ಕೇಳಿದ್ದಕ್ಕೆಲ್ಲ ನಾನೇ ಹೇಳಿದೆ, ಈ ಗರ್ಭ ಬೇಡ ಎಂದೂ ನಾನೇ ಹೇಳಿದೆ. ಕೆಂಪು ಮಾತ್ರೆ ನಡೆಯುತ್ತಿರುವುದರಿಂದ ಗರ್ಭ ಇಳಿಸುವ ಮಾತ್ರೆಯನ್ನೂ ನಂಬುವ ಹಾಗಿಲ್ಲವಂತೆ, ಆಸ್ಪತ್ರೆಯಲ್ಲೇ ಮಾಡುತ್ತಾರೆ, ಶನಿವಾರ ಹದಿನಾರನೇ ತಾರೀಕು, ಸಂಜೆಗೆ ಮನೆಗೆ. ಗಂಡನ ಸಹಿ ಬೇಕಾ ಎಂದೆ, ನಿಮ್ಮದು ಸಾಕು ಎಂದರು. ಸಹಿ ಹಾಕಿದೆ. ಈಗ ಅತ್ತೆ ಪಕ್ಕದಲ್ಲಿ ಕೂತಿದ್ದಾರೆ, ನಾನು ಏನು ಬರೆಯುತ್ತಿದ್ದೇನೆ ಎಂದು ಕೇಳಿದರು, ಓದಿ ಹೇಳಿದೆ. ನಂದೂ ಒಂದು ಮಾತು ಬರಿ ಎಂದರು. ಅವರು ಹೇಳಿದ ಹಾಗೇ ಬರೆಯುತ್ತಿದ್ದೇನೆ: "ಮಗಾ ಪ್ರಸಾದ, ನೀನು ನಂಗೆ ಎದುರ್ಕಂಡೆ, ಈ ಬಿಂದು ಮಗೀನ ಜೀವಕ್ಕೆ ಎದುರ್ಕಳ್ಳಿಲ್ವಲ್ಲೋ. ಶನಿವಾರ ಇವಳ ಜತೆ ನಾನು ಓಯ್ತೀನಿ. ನೀನು ಬರಾದಾದ್ರೆ ನಂಗೋಸ್ಕರ ಬರ್ಬೇಡ."